ಕೇಳಿಸುವ ಶನಿವಾರ

ನಮ್ಮೂರಿನಲ್ಲಿ ವಿಶ್ವಾಸ ಸಂಗ್ರಹ ಎಂಬ ಪ್ರಾರ್ಥನೆ ಹೇಳುವಾಗ ಮನಸ್ಸಿನೊಳಗೆ ಇಲ್ಲದ ಮಾತು ಬಾಯಿಂದ ಹೊರಗೆ ಬರುವುದಿಲ್ಲ. ತುಟಿ ಆಡುತ್ತದೆ, ನಾಲಿಗೆ ಹೊರಳುತ್ತದೆ, ಹೇಳುವವರಿಗೆ ತಾವು ಹೇಳಿದೆವೆಂದೇ ಅನ್ನಿಸುತ್ತದೆ. ಎದುರಿಗೆ ಕೂತವರಿಗೆ ಮಾತ್ರ ಆ ಜಾಗದಲ್ಲಿ ಏನೂ ಕೇಳಿಸುವುದಿಲ್ಲ. ಸಂತೆಯಲ್ಲಿ ಸುಳ್ಳು ಹೇಳಬಹುದು, ಜಗಳದಲ್ಲಿ ಆಣೆ ಇಡಬಹುದು, ಜಪಸರ ಹಿಡಿದು ನಿದ್ದೆಗಣ್ಣಿನಲ್ಲಿ ಏನಾದರೂ ಗೊಣಗಬಹುದು. ಆಗೆಲ್ಲ ಯಾರ ದನಿಗೂ ಏನೂ ಆಗುವುದಿಲ್ಲ. ದೇವರ ಬಗ್ಗೆ ನಾವು ನಂಬುವುದನ್ನು ಒಂದೊಂದಾಗಿ ಹೇಳಿಕೊಳ್ಳುವ ಆ ಒಂದು ಪ್ರಾರ್ಥನೆಯಲ್ಲಿ ಮಾತ್ರ ಹೀಗೆ. ಹಾಗೆ ಕಾಣೆಯಾದ ಮಾತನ್ನು ನಮ್ಮವರು ಇಳಿದ ಮಾತು ಎನ್ನುತ್ತಾರೆ.

ತಿಂಗಳ ಮೊದಲ ಶನಿವಾರ ಬೆಳಗಿನ ಪೂಜೆ ಮುಗಿದ ಮೇಲೆ ಊರವರೆಲ್ಲ ಗುಡಿಯ ಹಿಂದಿನ ಮಾವಿನ ತೋಪಿಗೆ ಹೋಗುತ್ತಾರೆ. ಚರ್ಚನ್ನು ನಾವು ಗುಡಿ ಎಂದೇ ಕರೆಯುವುದು. ತೋಪಿನಲ್ಲಿ ಇಬ್ಬಿಬ್ಬರಾಗಿ ದೂರದೂರ ಕೂತು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೇಳುತ್ತಾರೆ. ಕೇಳುವವರಿಗೆ ಕಿವಿ ಎಂದು ಹೆಸರು. ಚಿಕ್ಕಂದಿನಲ್ಲಿ ಪೂಜೆಯ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಮೊದಲ ಸಲ ತೆಗೆದುಕೊಂಡ ದಿನ ಪ್ರತಿಯೊಬ್ಬರಿಗೂ ಒಂದು ಕಿವಿ ಗೊತ್ತಾಗುತ್ತದೆ, ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಗಂಡನ ಊರಿನಲ್ಲಿ ಹೊಸದೊಂದು ಕಿವಿ. ಗಂಡ ಹೆಂಡತಿ ಒಬ್ಬರಿಗೊಬ್ಬರು ಕಿವಿಯಾಗುವಂತಿಲ್ಲ. ಕಿವಿ ತಾನು ಕೇಳಿದ್ದನ್ನು ಹೇಳಿದವರಿಗೆ ಬಿಟ್ಟು ಬೇರೆ ಯಾರಿಗೂ ಹೇಳುವಂತಿಲ್ಲ. ಹೊರಡುವಾಗ ಗುಡಿಯ ಬಾಗಿಲಲ್ಲಿ ನಿಂತ, ಜಪ ಕಲಿಸುವ ಉಪದೇಶಿಗೆ, ಇಂಥವರದು ಕೇಳಿದೆ ಎಂದಷ್ಟೇ ತಿಳಿಸಬೇಕು. ಕೇಳದೆ ಕೇಳಿದೆ ಎಂದ ಕಿವಿಗೆ ಆಮೇಲೆ ಯಾರೂ ತಮ್ಮ ಮಾತು ಕೊಡುವುದಿಲ್ಲ.

ಹೊರಗಿನವರಿಗೆ ಇದು ಭಯದ ಸಂಗತಿ ಎನ್ನಿಸಬಹುದು. ನಮಗೆ ಹಾಗಿಲ್ಲ. ಗುಡಿಯ ಸುತ್ತುಗೋಡೆ ಯಾವ ಬೀದಿಯ ಕಡೆ ತಿರುಗಬೇಕು ಎಂದು ಕಿತ್ತಾಡಿದ ವರ್ಷ ಅರ್ಧ ಊರಿಗೆ ಪ್ರಾರ್ಥನೆಯಲ್ಲಿ ಬರುವ ಧರ್ಮಸಭೆ, ಅಂದರೆ ಭಕ್ತರೆಲ್ಲರ ಕೂಟ, ಎಂಬ ಮಾತೇ ಇಳಿದುಹೋಗಿ, ಗೋಡೆ ಎದ್ದು ಬಣ್ಣ ಬಳಿದ ಮೇಲೆ ಮೆಲ್ಲಗೆ ವಾಪಸು ಬಂತು. ಮೀಸೆ ಚಿಗುರುವ ವಯಸ್ಸಿನ ಹುಡುಗರಿಗೆ ಕೆಲವು ತಿಂಗಳು ಇಡೀ ಪ್ರಾರ್ಥನೆಯೇ ಇಳಿದಿರುತ್ತದೆ. ಅಜ್ಜಿಯರು ಹಾಲುಹಲ್ಲು ಬಿದ್ದಷ್ಟೇ ಸಲೀಸಾಗಿ ಅದನ್ನು ತೆಗೆದುಕೊಳ್ಳುತ್ತಾರೆ. ಸಂತೆಯಲ್ಲಿ ಎದುರಾದವರು ಹುಷಾರಾ ಎಂದು ಕೇಳಿದರೆ, ಮಂಡಿ ನೋವು, ಒಂದು ಮಾತು ಬೇರೆ ಇಳಿದದೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರಿದ್ದಾರೆ. ಭಾನುವಾರ ಎಲ್ಲರೂ ಸೇರಿ ಹೇಳುವಾಗ ಯಾರದು ಎಲ್ಲಿ ಇಳಿದಿದೆಯೋ ಗೊತ್ತೇ ಆಗುವುದಿಲ್ಲ. ಒಬ್ಬರ ಖಾಲಿ ಜಾಗದ ಮೇಲೆ ಇನ್ನೊಬ್ಬರ ದನಿ ಹರಿದುಹೋಗುತ್ತದೆ.

ನಾನು ಲೂರ್ದಮ್ಮ. ಈಗ ಹೇಳುತ್ತಿರುವುದು ನನ್ನ ಅತ್ತಿಗೆ ಜ್ಞಾನಮ್ಮನ ವಿಷಯ. ನಾನು ಅವಳ ಕಿವಿ, ಅವಳು ನನ್ನ ಕಿವಿ. ಕೇಳಿದ್ದನ್ನು ಹೀಗೆ ಹೊರಗೆ ಹೇಳುವುದು ನಿಯಮವಲ್ಲ. ಆದರೆ ಜ್ಞಾನಮ್ಮನೇ ಹೇಳು ಎಂದಿದ್ದಾಳೆ, ಸುತ್ತಿ ಬಳಸದೆ ಹೇಳಬೇಕೆಂದೂ ಎಚ್ಚರಿಸಿದ್ದಾಳೆ.

ಜ್ಞಾನಮ್ಮನದು ಹಿಟ್ಟಿನ ಮಿಲ್ಲು. ಬೆಲ್ಟು ತಿರುಗುವ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಮೂರು ಬೀದಿಗೆ ಕೇಳಿಸುವಂತಾಗಿತ್ತು. ರಾಗಿಯಲ್ಲಿ ಕಲ್ಲಿದ್ದರೆ ತಂದವರ ಮುಖದ ಮೇಲೆಯೇ ಹೇಳುವವಳು. ಹಿಟ್ಟು ತರಿಯಾದರೆ ತನ್ನ ಮಿಲ್ಲಿನ ಕಲ್ಲು ಸವೆದಿದೆ ಎಂದೂ ಅಷ್ಟೇ ಜೋರಾಗಿ ಹೇಳುವವಳು. ಯೇಸು ಸಾವಿನಿಂದ ಎದ್ದ ಪಾಸ್ಖ ಹಬ್ಬದ ಬೆಳಿಗ್ಗೆ ಜನರ ಎದುರು ನಿಂತು ವಿಶ್ವಾಸ ಸಂಗ್ರಹವನ್ನು ತುಂಡು ತುಂಡಾಗಿ ಹೇಳಿಕೊಡುವುದು, ಇಡೀ ಊರು ಅದನ್ನು ಅವಳ ಹಿಂದೆ ಹೇಳುವುದು ನಮ್ಮಲ್ಲಿ ಬಹಳ ಕಾಲದ ಪದ್ಧತಿ. ಅವಳಿಗಿಂತ ಮುಂಚೆ ಅವಳ ಅತ್ತೆ, ಅಂದರೆ ನನ್ನ ಅವ್ವ, ಹೇಳಿಕೊಡುತ್ತಿದ್ದಳು. ಒಂದೂ ಮಾತು ಇಳಿಯದವರೇ ಅಲ್ಲಿ ನಿಲ್ಲಬೇಕು. ಜ್ಞಾನಮ್ಮನಿಗೆ ಯಾವತ್ತೂ ಇಳಿದಿರಲಿಲ್ಲ. ಅದರ ಬಗ್ಗೆ ಅವಳಿಗೆ ಜಂಬವಿತ್ತೆಂದು ಹೇಳಲಾರೆ. ತನ್ನ ಕೈಕಾಲು ನೆಟ್ಟಗಿವೆ ಎಂದು ಯಾರಾದರೂ ಜಂಬ ಪಡುತ್ತಾರೆಯೇ? ಹಾಗಿತ್ತು ಅದು.

ನನ್ನ ಅಣ್ಣ ರಾಯಪ್ಪ ಮರ ಕೊಯ್ಯುವವನು. ಗುಂಡಿಯ ಮೇಲೆ ಅಡ್ಡಲಾಗಿ ದಿಮ್ಮಿ ಇಟ್ಟು ಒಬ್ಬ ಮೇಲೆ ನಿಂತು, ಇನ್ನೊಬ್ಬ ಕೆಳಗೆ ಗುಂಡಿಯಲ್ಲಿ ನಿಂತು ಉದ್ದನೆಯ ಗರಗಸ ಎಳೆಯುವ ಕೆಲಸ. ಮೇಲೆ ಅಣ್ಣ, ಕೆಳಗೆ ಅವನ ಗೆಳೆಯ ಚೌರಪ್ಪ. ಕೆಳಗಿನವನ ಬಾಯಿ ಮೂಗಿಗೆಲ್ಲ ಮರದ ಹೊಟ್ಟು ಉದುರುವುದರಿಂದ ಅವನು ಮುಖಕ್ಕೆ ಬಟ್ಟೆ ಬಿಗಿದುಕೊಂಡಿರುತ್ತಾನೆ, ಮಾತಿಗೆ ಆಸ್ಪದವಿಲ್ಲ. ನಿಲ್ಲಿಸು, ಎಳೆ, ಗೆರೆ ತಪ್ಪಿತು ಎಂಬುದನ್ನೆಲ್ಲ ಅವರಿಬ್ಬರೂ ದಿಮ್ಮಿಯನ್ನು ಬೆರಳ ಗೆಣ್ಣಿನಿಂದ ಕುಟ್ಟಿಯೇ ತಿಳಿಸಿಕೊಳ್ಳುತ್ತಿದ್ದರು. ಅಣ್ಣನಿಗೆ ಚೌರಪ್ಪನೇ ಕಿವಿ. ಗುಂಡಿಯಿಂದ ಮೇಲೆ ಬಂದ ಮೇಲೂ ಅವರು ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ.

ಕ್ರಿಸ್ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಅಣ್ಣ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವನು ಹಾಗೇ ಕುಸಿದುಬಿದ್ದ. ಜಿಲ್ಲಾ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವನ ಬಲಗೈ ಬಲಗಾಲು ಸತ್ತಂತಿದ್ದವು, ಮಾತು ಪೂರ್ತಿ ಹೋಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಲಿಕ್ಕೆ ಮಾತ್ರ ಆಗುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿ ಕಳಿಸಿದ್ದರು. ಜ್ಞಾನಮ್ಮ ಅಳುತ್ತಾ ಕೂರಲಿಲ್ಲ. ಮಂಚವನ್ನು ನಡುಮನೆಗೆ ತಂದಳು, ಬೆಳಗಿನ ಹೊತ್ತು ಮಿಲ್ಲು ನಡೆಸಲು ನನ್ನ ಗಂಡನನ್ನು ಕರೆಸಿಕೊಂಡಳು, ಅಣ್ಣನನ್ನು ಎಬ್ಬಿಸುವುದು, ತೊಳೆಯುವುದು, ತುತ್ತು ಕೊಡುವುದು ಎಲ್ಲವನ್ನೂ ವಾರದೊಳಗೆ ಕಲಿತಳು. ಬಂದವರು ಅಯ್ಯೋ ಎಂದರೆ, ಅಯ್ಯೋ ಅನ್ನೋರು ಒಂದು ಬಿಂದಿಗೆ ನೀರು ತನ್ನಿ ಎನ್ನುತ್ತಿದ್ದಳು.

ಮುಂದಿನ ತಿಂಗಳ ಮೊದಲ ಶನಿವಾರ ತೋಪಿನಲ್ಲಿ ನಾವಿಬ್ಬರೂ ಎಂದಿನ ಮರದ ಕೆಳಗೆ ಕೂತೆವು. ಅವಳು ಶುರುಮಾಡಿದಳು. ನಾನು ನಂಬುತ್ತೇನೆ ಎಂಬುದು ಎಂದಿನಂತೆ ಗಟ್ಟಿಯಾಗಿ ಬಂತು. ಅದರ ಹಿಂದೆಯೇ ಒಂದು ಸಣ್ಣ ಖಾಲಿ. ಸರ್ವಶಕ್ತ ಎಂಬುದು ಮತ್ತೆ ಗಟ್ಟಿಯಾಗಿ ಬಂತು. ಅಲ್ಲಿಂದ ಕೊನೆಯವರೆಗೆ, ಪಾಪಗಳ ಕ್ಷಮೆ, ಸತ್ತವರು ಏಳುವುದು, ಒಂದೂ ತಪ್ಪಲಿಲ್ಲ. ನಾನು ಕೇಳಿದ್ದು ಸರಿಯೇ ಎಂದು ನನಗೇ ಅನುಮಾನವಾಗಿ ಸುಮ್ಮನೆ ಕೂತೆ.

"ಏನು ಬಾಯಿ ಕಟ್ಕೊಂಡು ಕೂತೆ?" ಎಂದಳು.

"ಅತ್ಗೆ, ಒಂದು ಕೇಳುಸ್ಲಿಲ್ಲ."

"ಯಾವುದು?"

"ಪಿತ ಅನ್ನೋದು."

ನಿನ್ನ ಕಿವಿಯಲ್ಲಿ ಹಿಟ್ಟು ಕೂತಿದೆ, ತೆಗೆದು ಕೇಳು ಎಂದು ಮತ್ತೊಮ್ಮೆ ಹೇಳಿದಳು. ಇನ್ನೂ ಒಮ್ಮೆ ಹೇಳಿದಳು, ಪಕ್ಕದ ಮರದವರು ತಿರುಗಿ ನೋಡುವಷ್ಟು ಜೋರಾಗಿ. ಆ ಮಾತಿನ ಜಾಗದಲ್ಲಿ ಅವಳ ತುಟಿ ಅಗಲವಾಗಿ ತೆರೆದು ಮುಚ್ಚಿಕೊಂಡಿದ್ದು ಕಂಡಿತೇ ಹೊರತು ಏನೂ ಕೇಳಿಸಲಿಲ್ಲ. ನಾನು ತಲೆಯಾಡಿಸಿದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಸುಳ್ಳು ಹೇಳುತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಸರ್ವಶಕ್ತ ಅನ್ನೋದು ಬಂತಾ?"

"ಬಂತು. ಜೋರಾಗೇ ಬಂತು."

"ಅದು ಬರದೆ ಎಲ್ಲೋಯ್ತದೆ. ಶಕ್ತಿ ಎಷ್ಟದೆ ಅಂತ ಕಣ್ಣಾರೆ ನೋಡಿದೀನಲ್ಲ, ಒಂದೇ ಏಟಿಗೆ ಅಂಥಾ ಆಳು ನೆಲ ಹಿಡಿದ." ಸೆರಗು ಕೊಡವಿ ಎದ್ದು ನಿಂತವಳು ಮತ್ತೆ ಕೂತಳು. "ಅಪ್ಪ ಆದೋನು ಮಗನ ಬಾಯಿ ಕಟ್ತಾನಾ ಲೂರ್ದು?"

ಅದಕ್ಕೆ ಉತ್ತರ ಹೇಳುವುದು ಕಿವಿಯ ಕೆಲಸವಲ್ಲ. 

ಅವಳು ಅಲ್ಲಿಂದ ನೇರವಾಗಿ ಸ್ವಾಮಿಗಳ ಮನೆಗೆ ಹೋದಳು. ಗುಡಿಯ ಪಾದ್ರಿ ಆರೋಗ್ಯನಾಥ ಸ್ವಾಮಿಗಳು ನಮ್ಮೂರಿಗೆ ಬಂದು ವರ್ಷವಾಗಿರಲಿಲ್ಲ. ಬಂದ ಹೊಸದರಲ್ಲಿ ಇದೆಲ್ಲ ಹಳ್ಳಿಯವರ ಭ್ರಮೆ ಎಂದುಕೊಂಡಿದ್ದವರು, ಒಂದು ಶನಿವಾರ ಉಪದೇಶಿಯ ಎದುರು ತಾವೇ ಕೂತು ಹೇಳಿ, ಎದ್ದು ಹೋಗಿ ಗುಡಿಯೊಳಗೆ ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ಮಂಡಿಯೂರಿದ್ದರು. ಆಮೇಲೆ ಒಂದು ಶನಿವಾರವನ್ನೂ ತಪ್ಪಿಸಿದವರಲ್ಲ. ಜ್ಞಾನಮ್ಮ ಬಾಗಿಲಲ್ಲೇ ನಿಂತು, ತನಗೆ ಒಂದು ಮಾತು ಇಳಿದಿದೆ, ಹಬ್ಬಕ್ಕೆ ಹೇಳಿಕೊಡಲು ಬೇರೆಯವರನ್ನು ನೋಡಿಕೊಳ್ಳಬೇಕು ಎಂದಳು. ಅವರು ಗಾಬರಿಯಾಗಿ, ಹಬ್ಬಕ್ಕೆ ಇನ್ನೂ ದಿನವಿದೆ, ಯಾರಿಗೂ ಹೇಳುವುದು ಬೇಡ, ಅಷ್ಟರಲ್ಲಿ ಬಂದರೂ ಬರಬಹುದು ಎಂದರು. ಬಂದರೆ ಬಂತೆಂದು ಹೇಳುತ್ತೇನೆ, ಈಗ ಇಲ್ಲ, ಇಲ್ಲದ್ದನ್ನು ಇಲ್ಲ ಅನ್ನಲು ನಾಚಿಕೆ ಯಾಕೆ ಎಂದು ಅವಳು ವಾಪಸು ಬಂದಳು. ಸ್ವಾಮಿಗಳು ಶಾಲೆಯ ಟೀಚರ್ ಮಾರ್ತಮ್ಮನಿಗೆ ಹೇಳಿಕಳಿಸಿದರು. ಆಕೆಯದು ಒಳ್ಳೆಯ ಮನಸ್ಸು, ಆದರೆ ನಾಲ್ಕನೇ ಬೆಂಚಿಗೆ ಕೇಳಿಸದ ದನಿ.

ಇಷ್ಟಕ್ಕೇ ಮುಗಿದಿದ್ದರೆ ಜ್ಞಾನಮ್ಮ ಸುಮ್ಮನಿರುತ್ತಿದ್ದಳೇನೋ. ಅದೇ ಶನಿವಾರ ಮಧ್ಯಾಹ್ನ ಮಿಲ್ಲಿಗೆ ಬಂದ ಹೆಂಗಸರು, ನಿಮ್ಮೆಜಮಾನ್ರದು ಕೇಳ್ತಂತಲ್ಲ, ಚೌರಪ್ಪ ಉಪದೇಶಿಗಳಿಗೆ ಹೇಳಿದ್ರಂತೆ, ಎಷ್ಟು ಸಂತೋಷ ಆಯ್ತು ಎಂದರು. ಆ ದಿನ ಬೆಳಿಗ್ಗೆ ನಾವು ತೋಪಿನಲ್ಲಿದ್ದಾಗ ಚೌರಪ್ಪ ಮನೆಗೆ ಬಂದು ಅಣ್ಣನ ಮಂಚದ ಪಕ್ಕ ಕೂತು ಹೋಗಿದ್ದ. ಕಾಯಿಲೆಯವರನ್ನು ನೋಡಲು ಬಂದನೆಂದು ಅವಳು ತಿಳಿದಿದ್ದಳು. ಗಂಟಲಿಂದ ಒಂದಕ್ಷರ ಹೊರಡದ ಮನುಷ್ಯನದು ಏನನ್ನು ಕೇಳಿದ ಅವನು? ಕನಿಕರಕ್ಕೆ ಹೇಳಿದ ಸುಳ್ಳು ಎಂದು ಅವಳಿಗೆ ಖಾತ್ರಿಯಾಯಿತು. ಮುಳ್ಳು ಚುಚ್ಚಿದ ಜಾಗ ಇನ್ನೊಂದಿತ್ತು. ಬಾಯಿರುವ ತಾನು ಇದ್ದದ್ದನ್ನು ಇದ್ದಂತೆ ಒಪ್ಪಿಕೊಂಡು ತನ್ನ ಜಾಗ ಬಿಟ್ಟುಕೊಟ್ಟಿದ್ದಳು. ಬಾಯಿಲ್ಲದ ಗಂಡನ ಹೆಸರಿನಲ್ಲಿ ಊರು ಸುಳ್ಳು ಸಂತೋಷ ಪಡುತ್ತಿತ್ತು. ಅವರ ಮಾನ ಉಳಿಸೋಕೆ ಸುಳ್ಳೇ ಬೇಕಾ ಎಂದು ನನ್ನ ಹತ್ತಿರ ಹಲ್ಲು ಕಚ್ಚಿ ಕೇಳಿದಳು. ಸ್ವಾಮಿಗಳಿಗೆ ಹೇಳಿ ಚೌರಪ್ಪನನ್ನು ಕಿವಿಯ ಕೆಲಸದಿಂದ ಬಿಡಿಸುವುದಾಗಿ ಹೊರಟವಳನ್ನು ನಾನು ತಡೆದೆ. ಅವನನ್ನೇ ಒಂದು ಮಾತು ಕೇಳದೆ ಹೋಗುವುದು ಸರಿಯಲ್ಲ, ಬರುವ ತಿಂಗಳು ಬಂದೇ ಬರುತ್ತಾನೆ, ಆಗ ಕೇಳು ಎಂದೆ. ಬಹಳ ಹೊತ್ತಿನ ಮೇಲೆ ಒಪ್ಪಿದಳು.

ಆ ತಿಂಗಳು ಪಾಸ್ಖಕ್ಕೆ ಮುಂಚಿನ ಉಪವಾಸದ ದಿನಗಳು, ತಪಸ್ಸುಕಾಲ, ಶುರುವಾಯಿತು. ಮುಂದಿನ ಶನಿವಾರ ಅವಳು ತೋಪಿನಲ್ಲಿ ಮೊದಲಿಗಳಾಗಿ ಹೇಳಿ ಮುಗಿಸಿದಳು. ಆ ಮಾತು ಇನ್ನೂ ಇಳಿದೇ ಇತ್ತು. ನಾನು ಹಾಗೆಂದಾಗ ಹೂಂ ಎಂದು ನನ್ನ ಕೈ ಹಿಡಿದು ಎಬ್ಬಿಸಿ ಮನೆಗೆ ಕರೆದುಕೊಂಡು ಹೊರಟಳು. ನಾವು ಒಳಗೆ ಕಾಲಿಟ್ಟಾಗ ಚೌರಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಡಲು ಎದ್ದಿದ್ದ. ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ.

ಜ್ಞಾನಮ್ಮ ಬಾಗಿಲಿಗೆ ಅಡ್ಡವಾಗಿ ನಿಂತಳು. "ಚೌರಣ್ಣ, ಈಗ ಹೋಗಿ ಕೇಳಿದೆ ಅಂತ ಹೇಳ್ತೀರಾ?"

"ಹೇಳ್ತೀನಿ ತಂಗ್ಯವ್ವ."

"ಏನು ಕೇಳಿದ್ರಿ ಅಂತ ನಾ ಕೇಳಾಕಿಲ್ಲ, ಅದು ನನಗೆ ಬ್ಯಾಡ. ಹೆಂಗೆ ಕೇಳಿದ್ರಿ ಅಷ್ಟು ಹೇಳಿ. ಇವ್ರ ಬಾಯಲ್ಲಿ ನೀರು ಅನ್ನೋ ಮಾತು ಬರಾಕಿಲ್ಲ. ಬಾಯಾರಿದ್ರೆ ನಾನೇ ಮುಖ ನೋಡಿ ತಿಳ್ಕೊಬೇಕು. ನಿಮಗೆ ಮಾತ್ರ ಇಡೀ ಪ್ರಾರ್ಥನೆ ಕೇಳ್ಬುಡ್ತಾ? ಗೆಳೆಯನ ಮೇಲಿನ ಪ್ರೀತಿಗೆ ಹೇಳ್ತಿದ್ರೆ ಇವತ್ತಿಗೆ ನಿಲ್ಸಿ. ಅವ್ರಿಗೆ ಅವಮಾನ ಅದು."

ಚೌರಪ್ಪನಿಗೆ ಸಿಟ್ಟು ಬರಲಿಲ್ಲ. ಅವನದು ನಿಧಾನದ ಸ್ವಭಾವ. ತಿರುಗಿ ಅಣ್ಣನ ಮುಖ ನೋಡಿದ. ಹೇಳಲಾ ಎಂದು ಕೇಳಿದ ಹಾಗಿತ್ತು ಆ ನೋಟ. ಅಣ್ಣ ಎಡಗೈ ಎತ್ತಿ ಮಂಚದ ಪಟ್ಟಿಯ ಮೇಲೆ ಗೆಣ್ಣಿನಿಂದ ಒಮ್ಮೆ ಕುಟ್ಟಿದ. ಚೌರಪ್ಪ ಟವೆಲ್ ತೆಗೆದು ಮಂಚದ ತುದಿಯಲ್ಲಿ ಕೂತ.

ಅವನು ಹೇಳಿದ್ದಿಷ್ಟು. ನಾನು ಪ್ರಾರ್ಥನೆಯನ್ನು ಒಂದೊಂದೇ ಮಾತಾಗಿ ಸಣ್ಣಗೆ ಹೇಳುತ್ತೇನೆ. ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ರಾಯಪ್ಪ ಕುಟ್ಟಿದರೆ ಮುಂದಿನದಕ್ಕೆ ಹೋಗುತ್ತೇನೆ. ಗುಂಡಿಯಲ್ಲಿ ನಿಂತು ಜೀವಮಾನವೆಲ್ಲ ಕೇಳಿದ್ದು ಅದೇ ಕೈಯನ್ನು. ಅದು ಮನಸ್ಸಿಟ್ಟು ಕುಟ್ಟಿದ್ದಾ, ಕುಟ್ಟಬೇಕೆಂದು ಕುಟ್ಟಿದ್ದಾ ಎಂಬುದು ನನಗೆ ತಿಳಿಯುತ್ತದೆ. ತಿಳಿಯದೆ ಹೋಗಿದ್ದರೆ ಮೇಲಿಂದ ಬಂದ ಗರಗಸಕ್ಕೆ ನನ್ನ ಕೈ ಯಾವತ್ತೋ ಹೋಗುತ್ತಿತ್ತು.

"ಅಂಗಾದ್ರೆ ಎಲ್ಲಾ ಮಾತಿಗೂ ಕುಟ್ಟುದ್ರಾ?" ಜ್ಞಾನಮ್ಮನ ದನಿ ಇನ್ನೂ ತಗ್ಗಿರಲಿಲ್ಲ. ಕೇಳಬಾರದ್ದನ್ನು ಕೇಳಿದೆನೆಂದು ಹೊಳೆದು ತುಟಿ ಕಚ್ಚಿಕೊಂಡಳು. ಅಣ್ಣ ಮತ್ತೊಮ್ಮೆ ಪಟ್ಟಿ ಕುಟ್ಟಿದ.

"ಹೋದ ತಿಂಗಳು ಒಂದು ಕಡೆ ಕುಟ್ಟಲಿಲ್ಲ ಕಣವ್ವ," ಎಂದ ಚೌರಪ್ಪ. "ಮೊದಲಲ್ಲೇ. ಪಿತ ಅಂತ ಹೇಳಿ ಕಾದೆ. ಕೈ ಏಳ್ಲಿಲ್ಲ. ಇನ್ನೊಂದ್ ಸಲ ಹೇಳಿ ಕಾದೆ. ಕೈ ಪಟ್ಟಿ ಮ್ಯಾಲೇ ಬಿದ್ದಿತ್ತು, ಎತ್ತಾಕೆ ಹೋದ ಹಂಗೂ ಕಾಣ್ಲಿಲ್ಲ. ಇದು ಕೇಳುಸ್ಲಿಲ್ಲ ಕಣೋ ಅಂತ ಅವನಿಗೆ ಹೇಳಿದೆ. ಮುಂದಕ್ಕೆ ಹೋದೆ. ಮಿಕ್ಕಿದ್ದೆಲ್ಲ ಬಂತು."

ನಾನು ಜ್ಞಾನಮ್ಮನ ಕಡೆ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಅವಳು ಬಾಗಿಲು ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತಳು.

"ಈ ತಿಂಗಳು?"

"ಈಗಿನ್ನ ಆಯ್ತಲ್ಲ, ಬಂತು. ತಡವಾಗಿ ಬಂತು. ಹೇಳಿ ಎಷ್ಟೋ ಹೊತ್ತು ಕಾದ ಮ್ಯಾಲೆ, ಇನ್ನು ಮುಂದಕ್ಕೆ ಹೋಗಾನ ಅಂತಿದ್ದೆ, ಆಗ ಕುಟ್ಟಿದ. ಮೆತ್ತಗೆ ಕುಟ್ಟಿದ. ಆದ್ರೆ ಅದು ಅವನದೇ."

ಹೊರಗೆ ಯಾರೋ ಮಿಲ್ಲಿನ ಬಾಗಿಲು ತಟ್ಟಿ ಕರೆದು ಉತ್ತರ ಸಿಗದೆ ಹೊರಟುಹೋದರು. ಜ್ಞಾನಮ್ಮ ಗಂಡನ ಮುಖ ನೋಡುತ್ತಿದ್ದಳು. ಅವನನ್ನು ತೊಳೆದು, ತಿನ್ನಿಸಿ, ಹೊರಳಿಸಿ, ಮಲಗಿಸಿ ಅವನ ಮೈಯ ಒಂದೊಂದು ನೋವನ್ನೂ ತಾನು ಬಲ್ಲೆನೆಂದು ತಿಳಿದಿದ್ದವಳು. ಆ ಮೈಯೊಳಗಿದ್ದವನು ತನ್ನ ಹಾಗೆಯೇ, ತಾನು ನಿಂತಲ್ಲೇ, ಅದೇ ಮಾತಿನ ಎದುರು ನಿಂತಿದ್ದನೆಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಅವನ ಪರವಾಗಿ ತಾನೊಬ್ಬಳೇ ದೇವರ ಮೇಲೆ ಮುನಿಸಿಕೊಂಡಿದ್ದೇನೆ ಎಂದುಕೊಂಡಿದ್ದಳು.

"ನನಗೂ ಅದೇ ಕಣ್ರಿ," ಎಂದಳು ಕೊನೆಗೆ. "ನನಗೂ ಅದೇ ಇಳಿದದೆ. ಇವತ್ತೂ ಬರ್ಲಿಲ್ಲ."

ಅಣ್ಣನ ಬಾಯಿಯ ಎಡಗಡೆ ಮಾತ್ರ ಮೇಲಕ್ಕೆ ಹೋಯಿತು. ಕಾಯಿಲೆಯಾದ ಮೇಲೆ ಅವನ ನಗು ಹಾಗೆ. ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆಯಿಂದ ತುತ್ತು ಕೊಡುವವಳು ತಿನ್ನುವವನು ಇಬ್ಬರೂ ಒಂದೇ ಮಾತನ್ನು ಕಳೆದುಕೊಂಡು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇದ್ದರು. ಜ್ಞಾನಮ್ಮನಿಗೂ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಹೆಂಗೆ ಬಂತು ನಿಮಗೆ ಎಂದು ಕೇಳಿದಳು. ಅವನು ಅದನ್ನು ಹೇಳುವುದಾದರೂ ಹೇಗೆ? ಎಡಗೈಯನ್ನು ಅವಳ ಕಡೆ ಚಾಚಿದ, ಅಷ್ಟೇ. ಅವಳು ಅದನ್ನು ಹಿಡಿದುಕೊಂಡು ಕೂತಳು. ಚೌರಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದಾಗ, ತಪ್ಪಾಯ್ತು ಚೌರಣ್ಣ, ಊಟ ಮಾಡ್ಕೊಂಡೇ ಹೋಗ್ಬೇಕು ಎಂದಳು. ಅವನು ಉಂಡೇ ಹೋದ.

ಹಬ್ಬ ಹತ್ತಿರವಾದಾಗ ಅವಳು ಮತ್ತೆ ಸ್ವಾಮಿಗಳ ಮನೆಗೆ ಹೋದಳು. ಈ ಸಲ ನನ್ನನ್ನೂ ಕರೆದುಕೊಂಡು ಹೋದಳು. ತಾನೇ ಹೇಳಿಕೊಡುತ್ತೇನೆ ಎಂದಳು. ಮಾತು ಬಂತೇ ಎಂದು ಅವರು ಆಸೆಯಿಂದ ಕೇಳಿದರು. ಬಂದಿಲ್ಲ ಎಂದಳು.

ಸ್ವಾಮಿಗಳು ಪೇಚಾಡಿದರು. ಇಳಿದವರು ಮುಂದೆ ನಿಲ್ಲಬಾರದೆಂಬುದು ನಿಮ್ಮೂರಿನದೇ ನಿಯಮ, ನಾನು ಮಾಡಿದ್ದಲ್ಲ ಎಂದರು.

"ಸ್ವಾಮಿ, ಆ ನಿಯಮ ಯಾಕೆ ಮಾಡಿದ್ರು ಹೇಳಿ. ಖಾಲಿ ಜಾಗ ಮುಚ್ಚಿಟ್ಕೊಂಡು ಎಲ್ಲಾ ಪೂರ್ತಿ ಇರೋರ ಹಂಗೆ ನಿಂತ್ಕೊಬಾರ್ದು ಅಂತ. ನಾನು ಮುಚ್ಚಿಡಾಕಿಲ್ಲ. ಮೊದಲೇ ಎಲ್ಲರಿಗೂ ಹೇಳಿ ನಿಂತ್ಕೋತೀನಿ. ಮಿಕ್ಕಿದ್ದೆಲ್ಲ ನನ್ನ ಹತ್ರ ಗಟ್ಟಿಯಾಗಿ ಅದೆ. ಒಂದು ಹಲ್ಲು ಬಿದ್ರೆ ಊಟ ಬಿಟ್ಬುಡ್ತೀವಾ?"

"ಆ ಮಾತಿನ ಜಾಗದಲ್ಲಿ ಏನು ಮಾಡ್ತೀರಿ ಜ್ಞಾನಮ್ಮನವರೇ?"

"ಸುಮ್ಕಿರ್ತೀನಿ. ಯಾರ ಹತ್ರ ಅದೆಯೋ ಅವ್ರು ಹೇಳ್ತಾರೆ, ನಾನು ಅವ್ರ ಹಿಂದೆ ಹೋಯ್ತೀನಿ."

ಸ್ವಾಮಿಗಳು ಆಗಲಿ ಎಂದರು. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ನೆಮ್ಮದಿಯಾದದ್ದು ಟೀಚರ್ ಮಾರ್ತಮ್ಮನಿಗೆ.

ಪಾಸ್ಖ ಹಬ್ಬದ ಬೆಳಿಗ್ಗೆ ಗುಡಿ ಕಿಕ್ಕಿರಿದಿತ್ತು. ಚೌ‌ರಪ್ಪ ಮತ್ತು ನನ್ನ ಗಂಡ ಸೇರಿ ಅಣ್ಣನನ್ನು ಕುರ್ಚಿಯ ಸಮೇತ ಎತ್ತಿ ತಂದು ಮುಂದಿನ ಬೆಂಚಿನ ಪಕ್ಕ ಕೂರಿಸಿದ್ದರು. ಬಿಳಿ ಅಂಗಿ, ಹೊಸದಾಗಿ ಕತ್ತರಿಸಿದ ಕೂದಲು, ಮಡಿಲ ಮೇಲೆ ಕೆಲಸವಿಲ್ಲದ ಬಲಗೈ. ಜ್ಞಾನಮ್ಮ ಜರಿಯಂಚಿನ ಸೀರೆ ಉಟ್ಟು ಬಲಿಪೀಠದ ಮೆಟ್ಟಿಲ ಕೆಳಗೆ ಜನರಿಗೆ ಎದುರಾಗಿ ನಿಂತಳು.

"ಎಲ್ಲರೂ ಕೇಳಿ," ಎಂದಳು, ಮಿಲ್ಲಿನ ದನಿಯಲ್ಲಿ. "ನನಗೆ ಒಂದು ಮಾತು ಇಳಿದದೆ. ದೇವರನ್ನ ಪಿತ ಅನ್ನೋದು. ನಮ್ಮ ಮನೇಲಿ ಏನಾಗದೆ ನಿಮಗೆ ಗೊತ್ತು, ಯಾಕೆ ಇಳೀತು ಅಂತ ನಾನೇನೂ ಹೇಳ್ಬೇಕಾಗಿಲ್ಲ. ಆ ಜಾಗದಲ್ಲಿ ನಾನು ಸುಮ್ಕಿರ್ತೀನಿ. ನೀವು ಸುಮ್ಕಿರ್ಬ್ಯಾಡಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೋಪಿನಲ್ಲಿ ಒಂದೇ ಕಿವಿಗೆ ಹೇಳುವುದನ್ನು ಗುಡಿ ತುಂಬ ಹೇಳಿದ್ದನ್ನು ಅವರು ಹಿಂದೆ ಕಂಡಿರಲಿಲ್ಲ. 

ಅವಳು ಶುರುಮಾಡಿದಳು. ನಾನು ನಂಬುತ್ತೇನೆ ಎಂದಳು. ಇಡೀ ಗುಡಿ ಹಾಗೆಂದಿತು. ಆಮೇಲೆ ಅವಳು ನಿಲ್ಲಿಸಿದಳು. ತುಟಿಯನ್ನು ಆಡಿಸುವ ನಟನೆಯನ್ನೂ ಮಾಡದೆ ಬಾಯಿ ಮುಚ್ಚಿಕೊಂಡೇ ನಿಂತಳು.

ಜನರಿಗೆ ಅವಳ ಹಿಂದೆ ಹೇಳಿ ರೂಢಿ. ಮುಂದೆ ಹೇಳಿದವರಿಲ್ಲದೆ ಹಿಂದೆ ಹೇಳುವುದು ಹೇಗೆಂದು ಯಾರಿಗೂ ತೋಚಲಿಲ್ಲ. ತಾನು ಶುರುಮಾಡಿ, ತನ್ನ ಬಾಯಿಂದಲೂ ಆ ಮಾತು ಬರದೆ ಹೋದರೆ ಎಂದು ಹೆದರಿದವರೂ ಇದ್ದಿರಬೇಕು. ಸ್ವಾಮಿಗಳು ಪೀಠದ ಹಿಂದೆ ಕಣ್ಣು ಮುಚ್ಚಿ ನಿಂತಿದ್ದರು. ಜ್ಞಾನಮ್ಮ ಅಲುಗಾಡಲಿಲ್ಲ, ಮುಂದಿನ ಮಾತಿಗೆ ಹಾರಿ ಹೋಗಲೂ ಇಲ್ಲ.

ಆಗ ಮುಂದಿನ ಬೆಂಚಿನ ಪಕ್ಕದಿಂದ, ಮರದ ಕುರ್ಚಿಯ ಕೈಯ ಮೇಲೆ ಗೆಣ್ಣಿನಿಂದ ಕುಟ್ಟಿದ ಸದ್ದು ಬಂತು. ಒಂದೇ ಸಲ. ಮೆತ್ತಗಲ್ಲ, ಗುಂಡಿಯ ಕೆಳಗಿನವನಿಗೆ ಕೇಳಿಸಬೇಕಾದಷ್ಟು ಗಟ್ಟಿಯಾಗಿ.

ಚೌರಪ್ಪ ತಕ್ಷಣ ತಲೆಯೆತ್ತಿ ಪಿತ ಎಂದ. ಅವನ ಹಿಂದೆ ಗುಡಿಗೆ ಗುಡಿಯೇ ಎಂದಿತು. ಗೋಡೆಗಳು ಅದನ್ನು ತಿರುಗಿ ಹೇಳಿದವು. ಜ್ಞಾನಮ್ಮ ಗಂಡನನ್ನೇ ನೋಡುತ್ತಿದ್ದಳು. ಆ ಸದ್ದು ಅಡಗುವವರೆಗೆ ಕಾದು, ಉಸಿರು ತುಂಬಿಕೊಂಡು, ಸರ್ವಶಕ್ತ ಎಂದಳು. ಅಲ್ಲಿಂದ ಕೊನೆಯ ಆಮೆನ್‌ವರೆಗೆ ಎಲ್ಲಿಯೂ ತಡೆಯಲಿಲ್ಲ. ಪೂಜೆಯ ನಂತರ ಜನ ಬಂದು ಅಣ್ಣನ ಎಡಗೈಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದರು. ಅವರ ಹತ್ತಿರ ಜ್ಞಾನಮ್ಮ, ಸಾಕು ಬಿಡಿ, ಅವ್ರಿಗೆ ಸುಸ್ತಾಯ್ತದೆ ಎಂದು ಗದರುತ್ತಿದ್ದಳು.

ಅದಾದ ಮೇಲಿನ ತಿಂಗಳಿನಿಂದ ಊರಿನಲ್ಲಿ ಒಂದು ಬದಲಾವಣೆಯಾಯಿತು. ಮಾತು ಬಾರದ ಮುದುಕರು, ಹುಟ್ಟು ಮೂಗರು, ಹಾಸಿಗೆ ಹಿಡಿದವರು, ಇಷ್ಟು ದಿನ ಶನಿವಾರದ ಲೆಕ್ಕಕ್ಕೇ ಬರದಿದ್ದವರ ಮನೆಗಳಿಗೆ ಕಿವಿಗಳು ಹೋಗತೊಡಗಿದರು. ಒಬ್ಬರು ಕಣ್ಣು ಮಿಟುಕಿಸಿ ಹೇಳುತ್ತಾರೆ, ಒಬ್ಬರು ಬೆರಳು ಅದುಮುತ್ತಾರೆ. ಹೇಗೆ ಕೇಳಬೇಕೆಂದು ತಿಳಿಯದವರು ಚೌರಪ್ಪನ ಮನೆಗೆ ಹೋಗಿ ವಿಚಾರಿಸುತ್ತಾರೆ. ಅವನಿಗೆ ವಿವರಿಸಲು ಬರುವುದಿಲ್ಲ. ಜೊತೆಗೆ ಹೋಗಿ ಕೂತು ತೋರಿಸುತ್ತಾನೆ.

ಜ್ಞಾನಮ್ಮನ ಮಾತು ಬಂದದ್ದು ಮಳೆಗಾಲ ಹಿಡಿದ ಮೇಲೆ. ಯಾವ ವಿಶೇಷವೂ ಇಲ್ಲದ ಒಂದು ಶನಿವಾರ. ತೋಪು ಒದ್ದೆಯಾಗಿದ್ದರಿಂದ ಗುಡಿಯ ಹಿಂದಿನ ಜಗಲಿಯಲ್ಲಿ ಕೂತಿದ್ದೆವು. ಅವಳು ಎಂದಿನಂತೆ ಶುರುಮಾಡಿದಳು. ಆ ಜಾಗ ಬಂದಾಗ ನಾನು ಖಾಲಿಗೆ ಕಾದಿದ್ದೆ. ಖಾಲಿಯ ಬದಲು ಒಂದು ಸಣ್ಣ ದನಿ ಬಂತು. ಮಿಲ್ಲಿನ ದನಿಯಲ್ಲ. ಯಾರನ್ನಾದರೂ ಪಕ್ಕದ ಕೋಣೆಯಿಂದ ಕರೆಯುವ ಹಾಗಿತ್ತು. ನಾನು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿದೆ.

"ಕೇಳುಸ್ತು ಅತ್ಗೆ. ಎಲ್ಲಾನೂ."

"ಹೌದಾ?" ಎಂದಳು. ಅಷ್ಟೊತ್ತೂ ಆ ಮಾತು ಬಂತೋ ಇಲ್ಲವೋ ಎಂದು ಅವಳಿಗೂ ಗೊತ್ತಿರಲಿಲ್ಲ. ಅಣ್ಣನ ಕಾಲು ಇನ್ನೂ ನೆಲಕ್ಕೆ ಊರುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ, ಮನೆಯಲ್ಲಿ ಏನೂ ಬದಲಾಗಿರಲಿಲ್ಲ. ಅವಳ ಮುಖದಲ್ಲಿ ಗೆದ್ದವಳ ಗತ್ತೇನೂ ಕಾಣಲಿಲ್ಲ. "ಮುಂದಿನ ತಿಂಗಳು ಮತ್ತೆ ಇಳಿದ್ರೂ ಇಳೀಬೋದು. ಇಳಿದ್ರೆ ಮುಲಾಜು ನೋಡ್ಬ್ಯಾಡ, ಹೇಳು. ಸರಿ, ಈಗ ನಿಂದು ಶುರು ಮಾಡು."

ನಾನು ಶಿಲುಬೆಯ ಗುರುತು ಹಾಕಿಕೊಂಡು ಹೇಳತೊಡಗಿದೆ. ಅವಳು ಕಣ್ಣು ಮುಚ್ಚಿ, ತಲೆಯನ್ನು ನನ್ನ ಕಡೆ ಸ್ವಲ್ಪ ಬಾಗಿಸಿ ಕೇಳುತ್ತಿದ್ದಳು. ಅರ್ಧದ ಹತ್ತಿರ ಒಂದು ಕಡೆ, ನನಗೆ ಹೇಳಿದೆನೆಂದೇ ಅನ್ನಿಸಿದ ಒಂದು ಮಾತಿಗೆ, ಅವಳ ಹುಬ್ಬು ಮೇಲಕ್ಕೇರಿತು. ನಾನು ನಿಲ್ಲಿಸಲಿಲ್ಲ. ಕೊನೆಯವರೆಗೂ ಹೇಳಿ ಮುಗಿಸಿ, ಅವಳು ಕಣ್ಣು ತೆರೆಯುವುದನ್ನು ಕಾಯುತ್ತಾ ಕೂತೆ.